ಒಬ್ಬನೇ ಗಂಡ, ಏಳು ಭಾಷೆ

ಕಟ್ಟಿಕೊಂಡ ಹೆಂಡತಿಗೆ ಒಂದು ಭಾಷೆಯಲ್ಲಿ ಮೋಸ ಮಾಡಿ ದಕ್ಕಿಸಿಕೊಳ್ಳುವುದೇ ಕಷ್ಟ. ಏಳು ಭಾಷೆಯಲ್ಲಿ ಮಾಡಿದವನನ್ನು ಏನೆನ್ನೋಣ? 2019ರ ಜೂನ್‌ನಲ್ಲಿ ಬಂಗಾಳಿಯ ಸ್ಟಾರ್ ಜಲ್ಸಾ ವಾಹಿನಿಯಲ್ಲಿ ‘ಶ್ರೀಮೊಯೀ’ ಧಾರಾವಾಹಿ ಶುರುವಾದಾಗ ಈ ಮಹಾನುಭಾವನ ಹೆಸರು ಅನಿಂದ್ಯ. ಅಲ್ಲಿಂದ ಮರಾಠಿಗೆ ಬಂದು ಅನಿರುದ್ಧನಾದ, ಮಲಯಾಳದಲ್ಲಿ ಸಿದ್ಧಾರ್ಥ, ತೆಲುಗಿನಲ್ಲಿ ನಂದು, ಹಿಂದಿಯಲ್ಲಿ ವನರಾಜ್ ಶಾ, ತಮಿಳಿನಲ್ಲಿ ಗೋಪಿ. ನಮ್ಮ ಸ್ಟಾರ್ ಸುವರ್ಣದಲ್ಲೂ ‘ಇಂತಿ ನಿಮ್ಮ ಆಶಾ’ ಎಂಬ ಹೆಸರಲ್ಲಿ ಬಂದು ಹೋದ. ಅದೂ ಹಿಂದಿಯ ‘ಅನುಪಮಾ’ಗಿಂತ ಮೊದಲೇ. ‘ಹಿಂದಿಯವರದ್ದು ನೋಡ್ಕೊಂಡು ನಮ್ಮೋರು ಮಾಡಿದ್ರು’ ಎಂದು ಯಾರಾದರೂ ಮೂಗು ಮುರಿದರೆ ತಕ್ಷಣ ತಿದ್ದಿ. ಗಂಡ ಎಷ್ಟೇ ಕೆಟ್ಟವನಿರಲಿ, ಕನ್ನಡದ ಮಾನ ಬಿಟ್ಟುಕೊಡಬಾರದು.

ಕಥೆ ನಿಮಗೆ ಗೊತ್ತು. ಮದುವೆಯಾಗಿ ಇಪ್ಪತ್ತೈದು ವರ್ಷ. ಹೆಂಡತಿ ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಮಾವನಿಗೆ ಮಾತ್ರೆ, ಅತ್ತೆಗೆ ಕಾಫಿ, ಮಕ್ಕಳಿಗೆ ಡಬ್ಬಿ, ಗಂಡನಿಗೆ ಟೈ ಹುಡುಕಿಕೊಟ್ಟು, ಸಂಜೆ ‘ನೀನು ಮನೇಲಿ ಏನು ಮಾಡ್ತೀಯ?’ ಅನ್ನಿಸಿಕೊಳ್ಳುವವಳು. ಗಂಡನ ಆಫೀಸಿನಲ್ಲಿ ಇನ್ನೊಬ್ಬಳು: ಇಂಗ್ಲಿಷ್ ಬರುತ್ತದೆ, ಕಾರು ಓಡಿಸುತ್ತಾಳೆ, ಕೂದಲು ಹಾರುತ್ತದೆ. ಹಿಂದಿಯಲ್ಲಂತೂ ಇಪ್ಪತ್ತೈದನೇ ವಾರ್ಷಿಕೋತ್ಸವಕ್ಕೆಂದು ಮತ್ತೊಮ್ಮೆ ಮದುವೆ ಮಾಡಿಕೊಳ್ಳಲು ಮಂಟಪ ಕಟ್ಟಿದ ದಿನವೇ ಅನುಪಮಾಳ ಕಣ್ಣಿಗೆ ಬೀಳಬಾರದ್ದು ಬಿತ್ತು. ಮುಹೂರ್ತ ಅಂದರೆ ಅದು.

ಕಥೆಯ ಬಗ್ಗೆ ನನಗೇನೂ ಹೇಳುವುದಕ್ಕಿಲ್ಲ. ಹೇಳಬೇಕಾದ್ದು ನೋಡುವವರ ಬಗ್ಗೆ.

ನಮ್ಮದು ಬೆಂಗಳೂರಿನ ಒಂದು ಹಳೇ ಅಪಾರ್ಟ್‌ಮೆಂಟು. ಹನ್ನೆರಡು ಮನೆ, ಲಿಫ್ಟು ಇದೆ ಅಂತ ಕ್ರಯಪತ್ರದಲ್ಲಿ ಬರೆದಿದೆ. ನೆಲಮಹಡಿಯಲ್ಲಿ ತಮಿಳು ಮಾಮಿ, ಅವರ ಎದುರಿಗೆ ಬೆಳಗಾವಿಯಿಂದ ಬಂದ ಮರಾಠಿ ಕಾಕು, ನಮ್ಮ ಪಕ್ಕ ತೆಲುಗರು, ಮೇಲೆ ಇಬ್ಬರು ಮಲಯಾಳಿ ನರ್ಸಮ್ಮಂದಿರು, ತುದಿಯಲ್ಲಿ ಸಾಫ್ಟ್‌ವೇರಿನ ಬಂಗಾಳಿ ದಂಪತಿ. 2021ರ ಸುಮಾರಿಗೆ, ಕೊರೊನಾದಿಂದ ಎಲ್ಲರೂ ಮನೆಯಲ್ಲೇ ಬಿದ್ದಿದ್ದ ಕಾಲದಲ್ಲಿ, ಸಂಜೆ ಮೆಟ್ಟಿಲು ಹತ್ತುತ್ತ ಹೋದರೆ ಒಂದೊಂದು ಬಾಗಿಲ ಹಿಂದೆ ಒಂದೊಂದು ಭಾಷೆಯಲ್ಲಿ ಅದೇ ಗಂಡ ಸಿಕ್ಕಿಹಾಕಿಕೊಳ್ಳುತ್ತಿದ್ದ. ಕೆಳಗೆ ಗೋಪಿ ಸುಳ್ಳು ಹೇಳುತ್ತಿದ್ದರೆ ಮೇಲೆ ಸಿದ್ಧಾರ್ಥ ರೇಗುತ್ತಿದ್ದ. ಒಂದೇ ಕಟ್ಟಡದಲ್ಲಿ ಇಷ್ಟು ಸಲ ಸಿಕ್ಕಿಬಿದ್ದರೂ ಬುದ್ಧಿ ಬಾರದವನನ್ನು ನಾನು ಬೇರೆಲ್ಲೂ ನೋಡಿಲ್ಲ.

ಬೈಗುಳದಲ್ಲಿ ಮಾತ್ರ ಮನೆಮನೆಗೂ ವ್ಯತ್ಯಾಸ. ಬೆಳಗಾವಿ ಕಾಕು ಅನಿರುದ್ಧನನ್ನು ಒಂದೇ ಉಸಿರಿನಲ್ಲಿ ಮರಾಠಿ, ಕನ್ನಡ ಎರಡರಲ್ಲೂ ಬೈಯುತ್ತಿದ್ದರು. ಮರಾಠಿಯಲ್ಲಿ ಮರ್ಯಾದೆಯಿಂದ, ಕನ್ನಡದಲ್ಲಿ ಮನಸ್ಸಿನಿಂದ. ತಮಿಳು ಮಾಮಿಗೆ ಗೋಪಿಯ ಮೇಲೆ ಸಿಟ್ಟೇ ಬರುತ್ತಿರಲಿಲ್ಲ. ‘ಬಾಕ್ಯಲಕ್ಷ್ಮಿ’ಯ ಗೋಪಿ ಸುಳ್ಳಿಗೆ ಸುಳ್ಳು ಪೋಣಿಸಿ, ಬೆವರಿ, ಬಾಯಿಗೆ ಬಂದದ್ದು ಒದರುವುದನ್ನು ನೋಡಿ ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ‘ಪಾಪ, ಅವನಿಗೆ ತಪ್ಪು ಮಾಡೋಕೂ ಸರಿಯಾಗಿ ಬರಲ್ಲ’ ಎಂಬುದು ಅವರ ತೀರ್ಪು. ಅದೇ ಧಾರಾವಾಹಿಯಲ್ಲಿ ಇನ್ನೊಬ್ಬಳಾದ ರಾಧಿಕಾಗೆ ಮೊದಲು ಇವನು ತನ್ನ ಗೆಳತಿ ಬಾಕ್ಯಳ ಗಂಡ ಅಂತಲೇ ಗೊತ್ತಿರಲಿಲ್ಲವಲ್ಲ, ಹಾಗಾಗಿ ಮಾಮಿಯ ಸೊಸೆ ರಾಧಿಕಾ ಪಕ್ಷ. ಅತ್ತೆ ಗೋಪಿಯ ಪಕ್ಷ, ಸೊಸೆ ರಾಧಿಕಾ ಪಕ್ಷ. ಆ ಮನೆಯಲ್ಲಿ ಬಾಕ್ಯಳ ಪರವಾಗಿ ಮಾತಾಡುತ್ತಿದ್ದವರು ಒಬ್ಬರೇ: ನಮ್ಮವರು ಎಂಬ ಅಭಿಮಾನಕ್ಕೆ ಇಣುಕುತ್ತಿದ್ದ ನನ್ನಾಕೆ. ಆ ಪಾತ್ರ ಮಾಡಿದ ಸುಚಿತ್ರಾ ಕನ್ನಡದ ನಟಿ. ಕನ್ನಡದ ಹೆಣ್ಣುಮಗಳನ್ನು ತಮಿಳಿನಲ್ಲಿ ಅಳಿಸುತ್ತಿದ್ದಾರೆ ಅನ್ನುವ ಸಂಕಟ ಬೇರೆ!

ಬಂಗಾಳಿ ದಂಪತಿಯದು ಇನ್ನೂ ವಿಚಿತ್ರ. ಅಲ್ಲಿ ಇನ್ನೊಬ್ಬಳ ಹೆಸರು ಜೂನ್. ಉಷಸಿ ಚಕ್ರವರ್ತಿ ಮಾಡಿದ ಪಾತ್ರ. ಸಂಸಾರ ಒಡೆಯುವವಳನ್ನು ಕಂಡರೆ ಊರು ಉಗಿಯಬೇಕು ತಾನೆ? ಬಂಗಾಳ ಅವಳನ್ನು ‘ಜೂನ್ ಆಂಟಿ’ ಎಂದು ಕರೆದು ತಲೆ ಮೇಲೆ ಕೂರಿಸಿಕೊಂಡಿತು. ಮೊಬೈಲು ತುಂಬ ಅವಳದೇ ಮೀಮು, ಅವಳದೇ ಮುಖಭಾವ. ನಮ್ಮ ಬಂಗಾಳಿ ಹುಡುಗಿ ನನಗೆ ವಿವರಿಸಿದಳು: ‘ಅಂಕಲ್, ಶ್ರೀಮೊಯೀ ಒಳ್ಳೆಯವಳು, ಒಪ್ತೀನಿ. ಆದರೆ ಆಫೀಸಿಂದ ಸುಸ್ತಾಗಿ ಬಂದು ಒಳ್ಳೆಯವರನ್ನ ಎಷ್ಟು ಹೊತ್ತು ನೋಡೋದು?’ ಅವಳ ಗಂಡ ಪಕ್ಕದಲ್ಲೇ ನಿಂತು ತಲೆಯಾಡಿಸುತ್ತಿದ್ದ. ಅವನು ಅಷ್ಟು ಒಳ್ಳೆಯವನು.

ಇನ್ನು ನಮ್ಮ ಮಹಡಿಯ ಶಿರಸ್ತೇದಾರರು. ಜಿಲ್ಲಾ ನ್ಯಾಯಾಲಯದಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಧಾರಾವಾಹಿ ನೋಡುವುದಿಲ್ಲ ಎಂದು ಹೇಳಿಕೊಂಡು, ಮುಖದ ಮುಂದೆ ಪೇಪರು ಹಿಡಿದು, ಅದರ ಮೇಲಂಚಿನಿಂದ ಎಲ್ಲವನ್ನೂ ನೋಡುವ ಪುರುಷವರ್ಗಕ್ಕೆ ಇವರೇ ಅಧ್ಯಕ್ಷರು. (ಆ ಸಂಘದಲ್ಲಿ ನಾನೂ ಸಾಮಾನ್ಯ ಸದಸ್ಯ.) ನಿನ್ನೆ ರಾತ್ರಿ ಏನಾಯಿತು ಅಂತ ಇವರನ್ನು ಕೇಳಿದರೆ ‘ನನಗೇನ್ರೀ ಗೊತ್ತು, ಹಾಳು ಸೀರಿಯಲ್ಲು’ ಅನ್ನುತ್ತಾರೆ. ಬೇಕೆಂದೇ ತಪ್ಪಾಗಿ ಹೇಳಿ ನೋಡಿ. ‘ವನರಾಜನ ಕಾವ್ಯ ಮನೆ ಬಿಟ್ಟು ಹೋದಳಂತೆ’ ಅನ್ನಿ. ‘ಎಲ್ಲಿ ಹೋದಳು? ಅಡುಗೆಮನೇಲೇ ಇದಾಳಲ್ಲ!’ ಎಂದು ಪೇಪರು ಕೆಳಗಿಳಿಯುತ್ತದೆ.

ಇವರ ತಕರಾರು ಗಂಡನ ನಡತೆಯ ಬಗ್ಗೆ ಅಲ್ಲ, ಕಾನೂನಿನ ಬಗ್ಗೆ. ಹಿಂದೂ ವಿವಾಹ ಕಾಯ್ದೆ 1955ರದು. ಪರಸ್ಪರ ಒಪ್ಪಿಗೆಯ ವಿಚ್ಛೇದನ ಅಂತ 13ಬಿ ಸೆಕ್ಷನ್ ಸೇರಿದ್ದು 1976ರ ತಿದ್ದುಪಡಿಯಲ್ಲಿ. ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ‘ಈ ವನರಾಜ್ ಅನುಪಮಾ ಒಂದೇ ಸೂರಿನ ಕೆಳಗಿದ್ದುಕೊಂಡು ಡೈವೋರ್ಸ್ ತಗೊಂಡ್ರು, ತಗೊಂಡ ಮೇಲೂ ಅದೇ ಮನೇಲಿ ಓಡಾಡ್ಕೊಂಡಿದಾರೆ! ಯಾವ ಕೋರ್ಟ್ ರೀ ಇದು?’ ಎಂದು ಅವರು ಕುದಿಯುತ್ತಿದ್ದರು. ಆರು ತಿಂಗಳ ಗಡುವನ್ನು ನ್ಯಾಯಾಲಯ ಬೇಕಾದರೆ ಮನ್ನಿಸಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ ಎಂದು ನಾನು ಎಲ್ಲೋ ಓದಿದ್ದನ್ನು ತೆಗೆದೆ. ‘ಮನ್ನಾ ಮಾಡೋಕೆ ಅರ್ಜಿ ಹಾಕಬೇಕಲ್ಲ, ಅರ್ಜಿ ತೋರಿಸಿದ್ರಾ?’ ಎಂದರು. ತೋರಿಸಿರಲಿಲ್ಲ. ಆದರೆ ಧಾರಾವಾಹಿಯವರನ್ನು ಅನ್ನುವಂತೆಯೂ ಇಲ್ಲ. ಕಾನೂನಿನ ಆರು ತಿಂಗಳೇನು ಮಹಾ, ಅವರಿಗೆ ನಾಯಕಿ ಕೋರ್ಟಿನ ಮೆಟ್ಟಿಲಿಳಿಯುವುದಕ್ಕೇ ಅಷ್ಟು ಬೇಕು.

ಜನ ಎರಡು ಪಕ್ಷವಾಗುತ್ತಾರೆ ಅಂತ ನಾನು ಮೊದಲು ಲೆಕ್ಕ ಹಾಕಿದ್ದು ಹೀಗೆ: ಹಳಬರೆಲ್ಲ ‘ಹೊಂದ್ಕೊಂಡು ಹೋಗಬೇಕು’ ಅನ್ನುತ್ತಾರೆ, ಹೊಸಬರೆಲ್ಲ ‘ಬಿಟ್ಟು ಹೊರಡಲಿ’ ಅನ್ನುತ್ತಾರೆ. ಈ ಲೆಕ್ಕ ನಮ್ಮ ಮನೆಯ ಹಜಾರದಲ್ಲೇ ತಲೆಕೆಳಗಾಯಿತು. ನನ್ನ ಸೋದರತ್ತೆಗೆ ಎಂಬತ್ತು ದಾಟಿದೆ. ಮಡಿ, ಏಕಾದಶಿ, ಎಲ್ಲ ಕಟ್ಟುನಿಟ್ಟು. ಮಾವ ಹೋಗಿ ಎಷ್ಟೋ ಕಾಲವಾಯಿತು. ಅವರು ಬದುಕಿದ್ದಾಗ ಅತ್ತೆಯ ಜೊತೆ ಆಡಿದ ಮಾತನ್ನೆಲ್ಲ ಒಟ್ಟು ಮಾಡಿ ಬರೆದರೂ ಒಂದು ಪೋಸ್ಟ್‌ಕಾರ್ಡಿನಲ್ಲಿ ಜಾಗ ಮಿಗುತ್ತದೆ, ವಿಳಾಸ ಸೇರಿಸಿ. ಈ ಅತ್ತೆ ಜಪಸರ ತಿರುಗಿಸುತ್ತಲೇ ಟಿವಿಗೆ ಆಜ್ಞೆ ಮಾಡುತ್ತಾರೆ: ‘ಹೊರಡೇ, ಹೊರಡು. ಆ ಸ್ಟೀಲ್ ಡಬ್ಬಿ ಎಲ್ಲ ಯಾಕೆ ಒರೆಸಿಡ್ತೀಯ, ಹಾಗೇ ಬಿಟ್ಟು ಹೊರಡು!’ ಅವಳು ಹೊರಡದೆ ಮತ್ತೆ ಕಣ್ಣೊರೆಸಿಕೊಂಡು ಒಲೆ ಹಚ್ಚಿದರೆ ಆ ಹೊತ್ತಿಗೆ ಅತ್ತೆಗೆ ಫಲಾಹಾರವೂ ಸೇರುವುದಿಲ್ಲ.

ಅದೇ ಮನೆಯಲ್ಲಿ ನನ್ನ ಅಣ್ಣನ ಮಗಳು, ಮದುವೆಯಾಗಿ ಇನ್ನೂ ಹೊಸದು, ಸ್ವಂತ ದುಡಿಮೆ, ಗಂಡನ ಕೈಲಿ ಚಪಾತಿ ಲಟ್ಟಿಸುವವಳು, ಹೇಳುತ್ತಾಳೆ: ‘ಒಂದು ಸಲ ಕೂತು ಮಾತಾಡಬೇಕಿತ್ತು ಅವರಿಬ್ಬರೂ. ಕೌನ್ಸೆಲಿಂಗಿಗೆ ಹೋಗಬಹುದಿತ್ತು.’ ಅತ್ತೆ ಅವಳನ್ನು ನೋಡಿದ ನೋಟದಲ್ಲಿ ಒಂದು ಶತಮಾನದ ತಿರಸ್ಕಾರವಿತ್ತು.

ಆಗ ನನಗೆ ಹೊಳೆದದ್ದು ಇಷ್ಟು. ಯಾರೂ ಅನುಪಮಾಳ ಬಗ್ಗೆ ಮಾತಾಡುತ್ತಿಲ್ಲ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತ ಗಾದೆ. ಫ್ಲ್ಯಾಟುಗಳಲ್ಲಿ ಈಗ ಕೊತ್ತಿ ಸಾಕುವುದಿಲ್ಲವಲ್ಲ, ಟಿವಿ ಇದೆ. ‘ಅವನಿಗೆ ಒಂದು ದಿನ ಆದ್ರೂ ತಟ್ಟೆ ಎತ್ತಿಟ್ಟು ಗೊತ್ತಾ?’ ಎಂಬ ಪ್ರಶ್ನೆ ವನರಾಜನನ್ನು ಕುರಿತು ಹೊರಟರೂ ಹಾದಿಯಲ್ಲಿ ನನ್ನ ಕಿವಿ ಸವರಿಕೊಂಡೇ ಹೋಗುತ್ತದೆ. ಶಿರಸ್ತೇದಾರರು ‘ಅವಳೂ ಸ್ವಲ್ಪ ಡ್ರೆಸ್ ಗಿಸ್ ಮಾಡ್ಕೊಂಡು ನಗ್ತಾ ಇರಬಹುದಿತ್ತಪ್ಪ’ ಎಂದು ಒಮ್ಮೆ ಬಾಯಿ ತಪ್ಪಿ ಅಂದರು. ಅವತ್ತಿನಿಂದ ಒಂದು ವಾರ ಅವರ ಮನೆಯಿಂದ ಒಗ್ಗರಣೆಯ ವಾಸನೆ ಬರಲಿಲ್ಲ. ಅವರು ಕೆಳಗೆ ಹೋಟೆಲಿನಿಂದ ಪಾರ್ಸೆಲ್ ಹಿಡಿದು ಮೆಟ್ಟಿಲು ಹತ್ತುವುದನ್ನು ಹನ್ನೆರಡೂ ಮನೆಯವರು ನೋಡಿದರು.

ಕನ್ನಡದ ಮಟ್ಟಿಗೆ ಜಗಳ ನಿಜವಾಗಿ ಕಾವೇರಿದ್ದು 2022ರಿಂದ ಈಚೆಗೆ. ಕಲರ್ಸ್ ಕನ್ನಡದಲ್ಲಿ ‘ಭಾಗ್ಯಲಕ್ಷ್ಮೀ’ ಶುರುವಾಯಿತು. ತಾಂಡವ್ ಎಂಬ ಗಂಡ, ಶ್ರೇಷ್ಠಾ ಎಂಬ ಇನ್ನೊಬ್ಬಳು. ಗಂಡ ಮತ್ತದೇ ಗಂಡನೇ ಬಿಡಿ. ಆದರೆ ಇಲ್ಲಿ ಒಂದು ಹೊಸ ಪ್ರಾಣಿಯನ್ನು ಬಿಟ್ಟರು. ಕುಸುಮಾ ಎಂಬ ಅತ್ತೆ. ಸೊಸೆ ಭಾಗ್ಯಳನ್ನು ಅವಳ ಮಗಳು ತನ್ವಿಯ ಓರಗೆಯ ಮಕ್ಕಳ ಜೊತೆ ಕೂತು ಎಸ್‌ಎಸ್‌ಎಲ್‌ಸಿ ಓದಲು ಕಳಿಸುವವಳು, ಹೆತ್ತ ಮಗನಿಗೇ ಎದುರು ನಿಂತು ಸೊಸೆಯ ಪರ ವಾದಿಸುವವಳು. ಪದ್ಮಜಾ ರಾವ್ ಆ ಪಾತ್ರವನ್ನು ಮಾಡಿದ ಠೀವಿಗೆ ನಮ್ಮ ಅಪಾರ್ಟ್‌ಮೆಂಟಿನ ಸೊಸೆಯರೆಲ್ಲ ಮನಸೋತರು, ಅತ್ತೆಯರೆಲ್ಲ ಮುನಿಸಿಕೊಂಡರು. ‘ಇಂಥ ಅತ್ತೆ ಎಲ್ಲಾದ್ರೂ ಇರ್ತಾರಾ? ಸುಮ್ಮನೆ ತೋರಿಸ್ತಾರೆ’ ಎಂದರು ಶಿರಸ್ತೇದಾರರ ಮನೆಯವರು. ಅವರ ಸೊಸೆ ತಟ್ಟನೆ ‘ಹೌದತ್ತೆ, ನಂಗೂ ನಂಬಿಕೆ ಬರಲ್ಲ’ ಎಂದಳು. ಅತ್ತೆ ಸೊಸೆ ಒಂದೇ ಮಾತಿಗೆ ಒಪ್ಪಿದ್ದನ್ನು ಆ ಮನೆಯಲ್ಲಿ ಕಂಡದ್ದು ಅದೊಂದೇ ಸಲ. ಆದರೂ ಆಮೇಲೆ ಅತ್ತೆ ಬಹಳ ಹೊತ್ತು ಯೋಚನೆ ಮಾಡುತ್ತ ಕೂತಿದ್ದರಂತೆ.

ಮರುಮದುವೆಯ ಪ್ರಶ್ನೆ ಬಂದಾಗಂತೂ ಕೇಳಬೇಡಿ. ಶ್ರೀಮೊಯೀಗೆ ರೋಹಿತ್ ಸೇನ್ ಸಿಕ್ಕ, ಮರಾಠಿಯ ಅರುಂಧತಿಗೆ ಆಶುತೋಷ್, 2022ರಲ್ಲಿ ಅನುಪಮಾಗೆ ಅನುಜ್ ಕಪಾಡಿಯಾ. ಮಗನ ಮದುವೆ ಮಾಡಿ ಸೊಸೆ ತಂದುಕೊಂಡವಳು ಮದರಂಗಿ ಹಚ್ಚಿಕೊಂಡು ಕೂತಳು. ಒಂದು ಪಕ್ಷ ಅವರಿಬ್ಬರ ಹೆಸರನ್ನೂ ಕೂಡಿಸಿ ‘ಮಾನ್’ ಅಂತ ಕರೆದು ದೇಶದ ಉದ್ದಗಲಕ್ಕೂ ಕುಣಿದಾಡಿತು. ಇನ್ನೊಂದು ಪಕ್ಷ ‘ಮೊಮ್ಮಕ್ಕಳನ್ನ ಎತ್ತೋ ವಯಸ್ಸಲ್ಲಿ!’ ಎಂದು ಬಾಯಿ ಮೇಲೆ ಬೆರಳಿಟ್ಟುಕೊಂಡು, ಒಂದು ದಿನವೂ ತಪ್ಪಿಸದೆ ನೋಡಿತು. ತಮಿಳಿನವರು ಮಾತ್ರ ಜಾಣರು. ಪಳನಿಸ್ವಾಮಿ ಎಂಬ ಮರ್ಯಾದಸ್ಥನನ್ನು ಬಾಕ್ಯಳ ಆಸುಪಾಸು ಬಹಳ ದಿನ ಸುಳಿದಾಡಿಸಿ, ಎರಡೂ ಪಕ್ಷವನ್ನು ತುದಿಗಾಲಲ್ಲಿ ನಿಲ್ಲಿಸಿ, ಮದುವೆ ಮಾಡಿಸಲೇ ಇಲ್ಲ. ಮಾಮಿಗೆ ಸಮಾಧಾನ, ಸೊಸೆಗೆ ನಿರಾಸೆ.

ನಮ್ಮಲ್ಲಿ ಈ ವಿಷಯಕ್ಕೆ ಜೀ ಕನ್ನಡದ ‘ಶ್ರೀರಸ್ತು ಶುಭಮಸ್ತು’ ಬಂತು. ಸುಧಾರಾಣಿ ಮಾಡಿದ ತುಳಸಿ, ಗಂಡ ತೀರಿಹೋದವಳು. ನಡುವಯಸ್ಸು ದಾಟಿದ ಮೇಲೆ ಮಾಧವನನ್ನು ಮದುವೆಯಾಗುತ್ತಾಳೆ. ಮುಂದೆ ಬಸುರಿಯೂ ಆಗುತ್ತಾಳೆ. ಮದುವೆಗೆ ಹೂ ಹಾಕಿದವರಲ್ಲೂ ಅರ್ಧ ಜನ ಬಸುರಿಗೆ ಹಿಂದೆ ಸರಿದರು. ಶಿರಸ್ತೇದಾರರು ಅವರಲ್ಲೊಬ್ಬರು. ‘ಈ ವಯಸ್ಸಲ್ಲಿ ಇದೆಲ್ಲ ಚೆಂದವಾ?’ ಎಂದು ನನ್ನ ಹತ್ತಿರ ಅಲವತ್ತುಕೊಂಡರು. ಇದೇ ಶಿರಸ್ತೇದಾರರು 1986ರಲ್ಲಿ ಶಿವರಾಜ್‌ಕುಮಾರ್ ಜೊತೆ ಸುಧಾರಾಣಿ ‘ಆನಂದ್’ ಚಿತ್ರದಲ್ಲಿ ಬಂದಾಗ ಕಚೇರಿಗೆ ಹೊಟ್ಟೆನೋವಿನ ರಜಾಚೀಟಿ ಕೊಟ್ಟು ಮ್ಯಾಟಿನಿಗೆ ಹೋದವರು. ತಾವೇ ಹೇಳಿಕೊಂಡದ್ದು. ಪರದೆಯ ಮೇಲೆ ಅವಳು ಮದುವೆಯಾದರೆ ಇವರಿಗೇಕೆ ನೋವು ಅಂತ ಬಿಡಿಸಿ ಕೇಳುವ ಧೈರ್ಯ ನನಗೆ ಬರಲಿಲ್ಲ. ಹೊಟ್ಟೆಯೇ ನೋಯುತ್ತಿದೆ ಅಂದಿದ್ದರೆ?

ಮೂರನೇ ಮಹಡಿಯಲ್ಲಿ ಇಂಗ್ಲಿಷ್ ಮೇಷ್ಟ್ರೊಬ್ಬರಿದ್ದಾರೆ. ಫಿಲ್ಮ್ ಸೊಸೈಟಿಯ ಕುರ್ಚಿಯಲ್ಲಿ ಕೂತೂ ಕೂತೂ ಬೆನ್ನು ಬಾಗಿಸಿಕೊಂಡವರು. ನಮ್ಮ ಜಗಳವೆಲ್ಲ ಅವರಿಗೆ ಎಳಸು. ‘ನೀವು ಬರ್ಗ್‌ಮನ್ ನೋಡಬೇಕು’ ಎಂದು ಒಂದು ಭಾನುವಾರ ಗುಡುಗಿದರು. ಸ್ವೀಡನ್ನಿನ ಇಂಗ್ಮಾರ್ ಬರ್ಗ್‌ಮನ್ 1973ರಲ್ಲಿ ಅಲ್ಲಿನ ಟೆಲಿವಿಷನ್ನಿಗೆ ‘ಸೀನ್ಸ್ ಫ್ರಂ ಎ ಮ್ಯಾರೇಜ್’ ಅಂತ ಆರು ಕಂತು ಮಾಡಿದನಂತೆ. ಯೋಹಾನ್, ಮರಿಯಾನೆ, ಮದುವೆಯಾಗಿ ಹತ್ತು ವರ್ಷ, ಇಬ್ಬರು ಹೆಣ್ಣುಮಕ್ಕಳು. ಮರಿಯಾನೆ ಬೇರೆಯವರಿಗೆ ವಿಚ್ಛೇದನ ಕೊಡಿಸುವ ವಕೀಲೆ. ಮೊದಲ ಕಂತಿನಲ್ಲಿ ಪತ್ರಿಕೆಯವರು ಬಂದು ಇವರ ಸುಖ ಸಂಸಾರದ ಸಂದರ್ಶನ ಮಾಡುತ್ತಾರೆ. ಮೂರನೆಯದರಲ್ಲಿ ಗಂಡ ಬಂದು ‘ಪೌಲಾ ಅಂತ ಒಬ್ಬಳಿದ್ದಾಳೆ, ನಾಳೆ ಹೊರಡುತ್ತೇನೆ’ ಎನ್ನುತ್ತಾನೆ. ಹಿನ್ನೆಲೆ ಸಂಗೀತವಿಲ್ಲ, ಮುಖ ಮೂರು ಸಲ ತಿರುಗುವುದಿಲ್ಲ, ಬಾಗಿಲ ಮರೆಯಲ್ಲಿ ಅತ್ತೆ ಇಲ್ಲ. ಇಬ್ಬರೇ ಕೂತು ಮಾತಾಡುತ್ತಾರೆ. ಅದನ್ನು ನೋಡಿದ ಮೇಲೆ ಸ್ವೀಡನ್ನಿನಲ್ಲಿ ವಿಚ್ಛೇದನಗಳು ಹೆಚ್ಚಾದವು, ಜನ ಸಲಹೆ ಕೇಳಲು ಬರ್ಗ್‌ಮನ್ನನಿಗೇ ಫೋನು ಮಾಡಿ ಮಾಡಿ ಅವನು ನಂಬರು ಗುಟ್ಟಾಗಿಡಬೇಕಾಯಿತು ಅಂತ ಮೇಷ್ಟ್ರು ವರ್ಣಿಸಿದರು. ಒಟ್ಟು ಐದು ಮದುವೆಯಾದವನ ಹತ್ತಿರ ದಾಂಪತ್ಯದ ಸಲಹೆ! ಅನುಭವಸ್ಥ ಎಂದುಕೊಂಡರೋ ಏನೋ.

ಶಿರಸ್ತೇದಾರರು ಅಂದು ಸುಮ್ಮನೆ ಎದ್ದು ಹೋದರು. ಎರಡು ದಿನ ಬಿಟ್ಟು ಮೊಮ್ಮಗನ ಕೈಲಿ ಮೊಬೈಲು ತಡಕಾಡಿಸಿ, ಮೆಟ್ಟಿಲಲ್ಲೇ ಮೇಷ್ಟ್ರನ್ನು ಅಡ್ಡಗಟ್ಟಿದರು. ‘ಸ್ವೀಡನ್ನಲ್ಲಿ ವಿಚ್ಛೇದನದ ಕಾನೂನು ಸಡಿಲ ಮಾಡಿದ್ದು ಯಾವಾಗ ಗೊತ್ತಾ? 1974ರ ಜನವರಿ! ಜನ ಕೋರ್ಟಿಗೆ ಹೋಗಿದ್ದು ಕಾನೂನು ಬಂದದ್ದಕ್ಕೆ ಮೇಷ್ಟ್ರೇ, ನಿಮ್ಮ ಸಿನಿಮಾ ನೋಡಿ ಅಲ್ಲ.’ ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ನನಗಂತೂ ಶಿರಸ್ತೇದಾರರ ಮಾತೇ ಸರಿ ಅನ್ನಿಸಿತು. ಧಾರಾವಾಹಿಗೆ ಮನೆ ಒಡೆಯುವ ಶಕ್ತಿ ಇದ್ದಿದ್ದರೆ, ಸಾವಿರದ ಐನೂರು ಕಂತು ದಾಟಿಸಿದ ‘ಅನುಪಮಾ’ದ ಹೊಡೆತಕ್ಕೆ ಈ ದೇಶದಲ್ಲಿ ಒಂದು ಜೋಡಿಯೂ ಉಳಿಯುತ್ತಿರಲಿಲ್ಲ.

ಸೋತ ಸಿಟ್ಟಿಗೆ ಮೇಷ್ಟ್ರು 2021ರ ಅಮೆರಿಕನ್ ಆವೃತ್ತಿಯ ಕಥೆ ತೆಗೆದರು. ಹಗೈ ಲೆವಿ ಎಂಬಾತ ಅದನ್ನು ಮತ್ತೆ ಮಾಡುವಾಗ ಗಂಡ ಹೆಂಡಿರ ಸ್ಥಾನ ಅದಲು ಬದಲು ಮಾಡಿಬಿಟ್ಟ. ಮನೆ ಬಿಟ್ಟು ಹೊರಡುವುದು ಹೆಂಡತಿ ಮೀರಾ. ಮಗಳನ್ನು ನೋಡಿಕೊಂಡು ಉಳಿಯುವವನು ಗಂಡ ಜೊನಾಥನ್. ಇದನ್ನು ಹೇಳಿದಾಗ ನಮ್ಮ ಕಟ್ಟೆಯ ಮೇಲಿದ್ದ ಪಕ್ಷಗಳೆಲ್ಲ ಕಲಸಿಹೋದವು. ಏಳು ಭಾಷೆಯ ಗಂಡನಿಗೆ ಬೈದು ಬೈದು ನುರಿತಿದ್ದ ಬೆಳಗಾವಿ ಕಾಕು ‘ಅಲ್ರೀ, ಕೂಸಿನ ಗತಿ ಏನ್ರೀ?’ ಎಂದರು. ಅನಿರುದ್ಧ ಮೂರು ಮಕ್ಕಳ ಅಪ್ಪನಾಗಿ ಆಡುವ ಆಟವನ್ನೆಲ್ಲ ಆಡಿದಾಗ ಈ ಪ್ರಶ್ನೆ ಅವರಿಗೆ ಬಂದಿರಲಿಲ್ಲ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಜೊನಾಥನ್ನನ ಮೇಲೆ ನಮಗೆಲ್ಲ ಇದ್ದಕ್ಕಿದ್ದಂತೆ ಅಷ್ಟೊಂದು ಅಕ್ಕರೆ ಉಕ್ಕಿತು. ನನ್ನ ಸೋದರತ್ತೆ ಮಾತ್ರ ನಿಲುವು ಬದಲಿಸಲಿಲ್ಲ. ‘ಅಮೆರಿಕದವಳಾ? ಡಬ್ಬಿ ಒರೆಸಿಟ್ಟು ಹೋದಳೋ, ಹಾಗೇ ಹೋದಳೋ?’ ಎಂದು ಕೇಳಿದರು. ಹಾಗೇ ಹೋದಳು ಎಂದೆ. ‘ಜಾಣೆ’ ಎಂದರು.

ಇದರ ಬಿಸಿಯಲ್ಲೇ ನಾನೊಂದು ಸಲಹೆ ಮುಂದಿಟ್ಟೆ. ಇವರೆಲ್ಲ ಯಾಕೆ ಮುರಿದ ಮದುವೆಯನ್ನೇ ತೋರಿಸಬೇಕು? ಗಂಡನಿಗೆ ಇನ್ನೊಬ್ಬಳಿಲ್ಲ, ಹೆಂಡತಿಗೆ ಕಣ್ಣೀರಿಲ್ಲ. ಕಾಫಿಗೆ ಸಕ್ಕರೆ ಜಾಸ್ತಿಯಾಯಿತು ಅಂತ ಬೆಳಗ್ಗೆ ಒಂದು ಮಾತು, ಫ್ಯಾನು ಎರಡರಲ್ಲಿರಬೇಕೋ ಮೂರರಲ್ಲಿರಬೇಕೋ ಅಂತ ರಾತ್ರಿ ಒಂದು ಮಾತು. ಹೀಗೇ ಇಪ್ಪತ್ತೈದು ವರ್ಷ. ಅಂಥದ್ದೊಂದು ಧಾರಾವಾಹಿ ಬರಲಿ. ಮೇಷ್ಟ್ರು ‘ಅದು ಜಪಾನೀ ಸಿನಿಮಾ ಆಗುತ್ತೆ’ ಎಂದು ಒಪ್ಪಿದರು. ಬಂಗಾಳಿ ಹುಡುಗಿ ‘ಜೂನ್ ಆಂಟಿ ಇರಲ್ವಾ?’ ಎಂದು ಪೆಚ್ಚಾದಳು. ಶಿರಸ್ತೇದಾರರಿಗೆ ಕಾನೂನಿನ ಅಡ್ಡಿ ಏನೂ ಕಾಣಲಿಲ್ಲ; ಆದರೆ ಗುರುವಾರ ಬರುವ ಟಿಆರ್‌ಪಿ ಪಟ್ಟಿಯಲ್ಲಿ ಅದನ್ನು ಕೆಳಗಿನಿಂದ ಹುಡುಕಬೇಕಾಗುತ್ತದೆ ಎಂದು ಭವಿಷ್ಯ ನುಡಿದರು. ಧಾರಾವಾಹಿ ನೋಡದವರಿಗೆ ಪಟ್ಟಿ ಬರುವುದು ಗುರುವಾರ ಅಂತ ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ.

ನನ್ನಾಕೆ ಅವರೆಕಾಯಿ ಬಿಡಿಸುತ್ತ ಅಲ್ಲೇ ಕೂತಿದ್ದಳು. ‘ಅಂಥದ್ದು ನಮ್ಮನೇಲಿ ಓಡ್ತಾನೇ ಇದೆಯಲ್ಲ’ ಎಂದಳು. ‘ಜಾಹೀರಾತಿನ ಬಿಡುವೂ ಇಲ್ಲ.’

‘ನಮ್ಮನೇಲಿ ಇದೆಯಮ್ಮ,’ ಎಂದರು ಶಿರಸ್ತೇದಾರರ ಮನೆಯವರು. ‘ಇವರು ಮಧ್ಯಾಹ್ನ ಮಲಗ್ತಾರಲ್ಲ, ಆಗ.’